ಸತ್ತ ಮಂಗನ ಸುತ್ತ ಐದು ಕಿಲೋಮೀಟರ್

ಮಲೆನಾಡಿನಲ್ಲಿ ಮಂಗ ಸತ್ತರೆ ಅದು ಸುದ್ದಿ. ಮಳೆ ಪೂರ್ತಿ ಹಿಂದೆಗೆದು, ಕಾಡಿನ ದಾರಿಗಳಲ್ಲಿ ದರಗು ಬೀಳತೊಡಗಿದ ಮೇಲೆ ತೋಟದ ಅಂಚಿನಲ್ಲೋ ಹಳ್ಳದ ಬದಿಯಲ್ಲೋ ಒಂದು ಮಂಗ ಬಿದ್ದಿರುವುದು ಕಂಡರೆ ತಿಳಿದವರು ಅದರ ಹತ್ತಿರ ಹೋಗುವುದಿಲ್ಲ. ಪಂಚಾಯಿತಿಗೋ ಆಶಾ ಕಾರ್ಯಕರ್ತೆಗೋ ಫೋನು ಹೋಗುತ್ತದೆ. ಪಶುವೈದ್ಯರು ಬಂದು ಮಾದರಿ ತೆಗೆಯುತ್ತಾರೆ, ಹೆಣವನ್ನು ಸುಡಿಸುತ್ತಾರೆ, ಸುತ್ತ ಕ್ರಿಮಿನಾಶಕದ ಪುಡಿ ಚೆಲ್ಲಿಸುತ್ತಾರೆ. ಪರೀಕ್ಷೆಯಲ್ಲಿ ವೈರಸ್ ಸಿಕ್ಕಿತೆಂದರೆ ಮುಂದಿನ ಕೆಲಸ ನಕ್ಷೆಯ ಮೇಲೆ. ಎಷ್ಟೋ ವರ್ಷ ನಡೆದುಬಂದ ಕ್ರಮ ಇದು: ಮಂಗ ಸತ್ತ ಅಥವಾ ಮನುಷ್ಯರಿಗೆ ರೋಗ ಬಂದ ಜಾಗವನ್ನು ನಡುವೆ ಇಟ್ಟುಕೊಂಡು ಐದು ಕಿಲೋಮೀಟರ್ ತ್ರಿಜ್ಯದ ಒಂದು ವೃತ್ತ ಎಳೆಯುವುದು. ಒಳಗೆ ಬಿದ್ದ ಹಳ್ಳಿಗಳಿಗೆ ಲಸಿಕೆ, ಹೊರಗಿನವರಿಗೆ ಇಲ್ಲ.

ಈ ವೃತ್ತವನ್ನು ಆಡಳಿತದ ಸಣ್ಣ ಅನುಕೂಲವೆಂದು ನೋಡಿ ಬಿಟ್ಟುಬಿಡಬಹುದು. ಆದರೆ ಅದೂ ಒಂದು ಗಣಿತದ ಮಾದರಿಯೇ. ಅಪಾಯ ಎಲ್ಲಿದೆ, ಅದು ಎಷ್ಟು ದೂರ ಹೋಗುತ್ತದೆ, ಇರುವಷ್ಟು ಲಸಿಕೆ ಯಾರಿಗೆ ಸಿಗಬೇಕು ಎಂಬ ಮೂರು ಪ್ರಶ್ನೆಗಳಿಗೆ ಒಂದೇ ಗೆರೆಯಲ್ಲಿ ಉತ್ತರ ಕೊಡುವ ಮಾದರಿ. ಕೋವಿಡ್ ಕಾಲದಲ್ಲಿ ಲಸಿಕೆ ಹಂಚಿಕೆಯ ಲೆಕ್ಕದ ಬಗ್ಗೆ ಜಗತ್ತೆಲ್ಲ ಮಾತಾಡಿತು. ಮಲೆನಾಡಿನವರು ಆ ಲೆಕ್ಕದ ಒಳಗೂ ಹೊರಗೂ ಅದಕ್ಕಿಂತ ಎಷ್ಟೋ ಮೊದಲಿನಿಂದ ಬದುಕುತ್ತಿದ್ದಾರೆ. ಆ ಕಥೆಯನ್ನು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ರೋಗ ತಡೆಯುವ ಕ್ರಮವೊಂದನ್ನು ಲೆಕ್ಕ ಹಾಕಿ ಅಳೆದವರಲ್ಲಿ ಮೊದಲಿಗನೆಂದು ಸಾಮಾನ್ಯವಾಗಿ ಹೆಸರಿಸುವುದು ಸ್ವಿಟ್ಜರ್ಲೆಂಡಿನ ಗಣಿತಜ್ಞ ಡೇನಿಯಲ್ ಬರ್ನೌಲಿಯನ್ನು. 1760ರಲ್ಲಿ ಆತ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಸಿಡುಬಿನ ಲೆಕ್ಕ ಇಟ್ಟ. ಆಗ ಇನ್ನೂ ಗೋಸಿಡುಬಿನ ಲಸಿಕೆ ಬಂದಿರಲಿಲ್ಲ. ಸಿಡುಬಿನ ಕೀವನ್ನೇ ಅಲ್ಪ ಪ್ರಮಾಣದಲ್ಲಿ ಚರ್ಮಕ್ಕೆ ಹಾಕುವ ಹಳೆಯ ಪದ್ಧತಿಯಿತ್ತು, ಅದರಿಂದ ಕೆಲವರು ಸಾಯುತ್ತಲೂ ಇದ್ದರು. ಸಿಡುಬು ಬರದವರಲ್ಲಿ ವರ್ಷಕ್ಕೆ ಎಂಟರಲ್ಲೊಬ್ಬರಿಗೆ ಅದು ಬರುತ್ತದೆ, ಬಂದವರಲ್ಲಿ ಎಂಟರಲ್ಲೊಬ್ಬರು ಸಾಯುತ್ತಾರೆ ಎಂದು ಇಟ್ಟುಕೊಂಡು ಬರ್ನೌಲಿ ಲೆಕ್ಕ ಮಾಡಿದ. ಸಿಡುಬು ಇಲ್ಲವಾದರೆ ಜನರ ಸರಾಸರಿ ಆಯುಸ್ಸು 26 ವರ್ಷ 7 ತಿಂಗಳಿನಿಂದ 29 ವರ್ಷ 9 ತಿಂಗಳಿಗೆ ಏರುತ್ತದೆ ಎಂಬ ಉತ್ತರ ಬಂತು. ರಾಜ್ಯದ ದೃಷ್ಟಿಯಲ್ಲಿ ವಿಷಯ ಅಲ್ಲಿಗೆ ಮುಗಿಯಿತು.

ಆದರೆ ಅದೇ ಅಕಾಡೆಮಿಯ ದ'ಅಲಂಬೇರ್ ಒಪ್ಪಲಿಲ್ಲ. ಲಾಭ ಬರುವುದು ಬಾಳಿನ ಕೊನೆಯಲ್ಲಿ, ಅಪಾಯ ಇರುವುದು ಇವತ್ತೇ, ಈ ಕೆಲವು ದಿನಗಳಲ್ಲೇ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ಸರಾಸರಿ ತೆಗೆದರೆ ತಾಯಿಯೊಬ್ಬಳ ಅಂಜಿಕೆಗೆ ಅದು ಉತ್ತರವಾಗುತ್ತದೆಯೇ? ದ'ಅಲಂಬೇರ್ ಚುಚ್ಚುವ ಪದ್ಧತಿಗೆ ವಿರೋಧಿಯಾಗಿರಲಿಲ್ಲ, ಲೆಕ್ಕದ ಆತುರಕ್ಕೆ ವಿರೋಧಿಯಾಗಿದ್ದ. ಎಲ್ಲರ ಒಟ್ಟು ಲಾಭವೋ, ಪ್ರತಿಯೊಬ್ಬರ ಪಾಲೋ ಎಂಬ ಜಗಳ ಹೀಗೆ ಲಸಿಕೆಗಿಂತ ಮೊದಲೇ ಹುಟ್ಟಿತು.

ಲಸಿಕೆ ನಮ್ಮ ಕಡೆಗೆ ಬಂದದ್ದು 1802ರಲ್ಲಿ. ಶೀತಲ ಪೆಟ್ಟಿಗೆಗಳಿಲ್ಲದ ಕಾಲ. ಒಂದು ಮಗುವಿನ ತೋಳಿನಿಂದ ಇನ್ನೊಂದು ಮಗುವಿನ ತೋಳಿಗೆ ದಾಟಿಸುತ್ತಾ ಅದನ್ನು ಜೀವಂತವಾಗಿ ಇಡಬೇಕಿತ್ತು. ಆ ವರ್ಷದ ಜೂನಿನಲ್ಲಿ ಬೊಂಬಾಯಿಯ ಮೂರು ವರ್ಷದ ಹುಡುಗಿಯೊಬ್ಬಳಿಗೆ ಹಾಕಿದ ಲಸಿಕೆ ಹಾಗೆಯೇ ತೋಳಿಂದ ತೋಳಿಗೆ ದಕ್ಷಿಣಕ್ಕೂ ಇಳಿಯಿತು. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಒಂದು ಚಿತ್ರದಲ್ಲಿರುವ ಮೂವರು ಸ್ತ್ರೀಯರು ಮೈಸೂರು ಅರಮನೆಯವರು, ಅವರಲ್ಲಿ ಒಬ್ಬರು ಸೆರಗು ಸರಿಸಿ ತೋರುತ್ತಿರುವುದು ಲಸಿಕೆ ಹಾಕಿದ ಜಾಗವನ್ನು ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಅರಮನೆಗೆ ಬಂದ ಲಸಿಕೆ ಕಾಡಂಚಿನ ಕೇರಿಗೆ ಎಷ್ಟು ವರ್ಷಕ್ಕೆ ಬಂತು ಎಂಬುದಕ್ಕೆ ಯಾವ ಚಿತ್ರವೂ ಇಲ್ಲ.

ಮುಂದಿನ ಶತಮಾನದಲ್ಲಿ ರೋಗದ ಗಣಿತಕ್ಕೆ ಹೊಸ ರೂಪ ಕೊಟ್ಟವರಿಗೆ ಭಾರತದ ನಂಟು ಗಟ್ಟಿಯಾಗಿತ್ತು. ರೊನಾಲ್ಡ್ ರಾಸ್ ತರುಣ ವೈದ್ಯನಾಗಿ 1883ರಲ್ಲಿ ಬೆಂಗಳೂರಿನಲ್ಲಿದ್ದಾಗ, ತನ್ನ ಬಂಗಲೆಯ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟುತ್ತಿರುವುದನ್ನು ಕಂಡು ಅದನ್ನು ಉರುಳಿಸಿದ್ದ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆಂದು ತೋರಿಸಿ ನೊಬೆಲ್ ಪಡೆದ ಮೇಲೆ ಆತ ಇನ್ನೊಂದು ಮಾತು ಹೇಳಿದ: ಮಲೇರಿಯಾ ನಿಲ್ಲಲು ಕೊನೆಯ ಸೊಳ್ಳೆಯವರೆಗೂ ಕೊಲ್ಲಬೇಕಾಗಿಲ್ಲ, ಅವುಗಳ ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು. ರಾಸ್‌ನ ಜೊತೆ ಕೆಲಸ ಮಾಡಿ, ಭಾರತದ ವೈದ್ಯಕೀಯ ಸೇವೆಯಲ್ಲಿ ವರ್ಷಗಳನ್ನು ಕಳೆದ ಮೆಕೆಂಡ್ರಿಕ್ 1927ರಲ್ಲಿ ಕೆರ್ಮ್ಯಾಕ್ ಜೊತೆ ಸೇರಿ ಅದೇ ವಿಚಾರವನ್ನು ಸಮೀಕರಣಗಳಿಗೆ ಇಳಿಸಿದ. ಅದನ್ನು ಅವರು ಒರೆಗೆ ಹಚ್ಚಿದ್ದು 1905–06ರ ಬೊಂಬಾಯಿ ಪ್ಲೇಗಿನ ಸಾವುಗಳ ಮೇಲೆ. ಹೆಚ್ಚುಕಡಿಮೆ ಅದೇ ಕಾಲಕ್ಕೆ, 1920ರ ದಶಕದ ಕೊನೆಯಲ್ಲಿ, ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೂಡಿಗೆರೆಯಲ್ಲಿ ಮಲೇರಿಯಾ ಅಧ್ಯಯನದ ಕೇಂದ್ರ ತೆರೆದಿತ್ತು. ಕಾಫಿ ಸೀಮೆಯ ಜ್ವರ ಆಗಲೇ ಲೆಕ್ಕದ ಪುಸ್ತಕಕ್ಕೆ ಸೇರಿತ್ತು.

ಈ ಸಮೀಕರಣಗಳಿಂದ ಲಸಿಕೆಗೆ ಬಂದ ಪಾಠ ಸರಳ. ಒಬ್ಬ ರೋಗಿ ಸರಾಸರಿ ಐವರಿಗೆ ರೋಗ ಅಂಟಿಸುತ್ತಾನೆ ಎನ್ನೋಣ. ಆ ಐವರಲ್ಲಿ ನಾಲ್ವರಿಗೆ ಮೊದಲೇ ರಕ್ಷಣೆ ಇದ್ದರೆ ರೋಗ ಒಬ್ಬನಿಗಷ್ಟೇ ದಾಟುತ್ತದೆ, ಅಂದರೆ ಬೆಳೆಯುವುದಿಲ್ಲ. ನೂರಕ್ಕೆ 80 ಜನರಿಗೆ ಲಸಿಕೆ ತಟ್ಟಿದರೆ ಉಳಿದ 20 ಜನ ಅವರ ನೆರಳಿನಲ್ಲಿ ಬದುಕುತ್ತಾರೆ. ಸಿಡುಬು ಸುಮಾರಾಗಿ ಈ ಬಗೆಯದು. ದಡಾರ ಇನ್ನೂ ವೇಗವಾಗಿ ಹರಡುವುದರಿಂದ ಅಲ್ಲಿ ನೂರಕ್ಕೆ 90 ದಾಟಬೇಕು.

ಸಿಡುಬಿನ ಕೊನೆಯ ದಿನಗಳಲ್ಲಿ ಇನ್ನೊಂದು ಪಾಠ ಸೇರಿತು. 1966ರ ಕೊನೆಯಲ್ಲಿ ನೈಜೀರಿಯಾದಲ್ಲಿದ್ದ ವಿಲಿಯಂ ಫೇಗಿ ಎಂಬ ವೈದ್ಯನಿಗೆ ಎಲ್ಲರಿಗೂ ಹಾಕುವಷ್ಟು ಲಸಿಕೆ ಸಿಗಲಿಲ್ಲ. ಹಾಗಾಗಿ ರೋಗ ಎಲ್ಲಿದೆ ಎಂದು ಹುಡುಕಿ, ರೋಗಿಯ ಸುತ್ತಲಿನವರಿಗೆ ಮಾತ್ರ ಹಾಕಿದ. ರೋಗ ನಿಂತಿತು. ಭಾರತದಲ್ಲಿಯೂ 1973ರಿಂದ ಕಾರ್ಯಕರ್ತರು ಮನೆಮನೆ ತಿರುಗಿ ರೋಗಿಯನ್ನು ಹುಡುಕಿದರು, ಸುತ್ತ ಲಸಿಕೆಯ ಬೇಲಿ ಕಟ್ಟಿದರು. 1975ರ ಮೇ ತಿಂಗಳಿನಲ್ಲಿ ದೇಶದ ಕೊನೆಯ ಪ್ರಕರಣ ಕಂಡಿತು. ಅಲ್ಲಿ ಮಿತವ್ಯಯ ಮತ್ತು ನ್ಯಾಯ ಒಂದೇ ದಾರಿಯಲ್ಲಿ ನಡೆದವು. ಬೇಲಿಯ ಹೊರಗಿದ್ದವರಿಗೆ ಲಸಿಕೆ ಸಿಗದಿದ್ದರೂ ರಕ್ಷಣೆ ಸಿಕ್ಕಿತು, ಏಕೆಂದರೆ ರೋಗ ಅವರವರೆಗೆ ಬರಲೇ ಇಲ್ಲ.

ಈಗ ಮಲೆನಾಡಿಗೆ ಮರಳೋಣ. ಮೇಲ್ನೋಟಕ್ಕೆ ಸತ್ತ ಮಂಗನ ಸುತ್ತಲಿನ ವೃತ್ತವೂ ಫೇಗಿಯ ಬೇಲಿಯ ಹಾಗೆಯೇ ಕಾಣುತ್ತದೆ. ಒಳಗಿನ ಲೆಕ್ಕ ಮಾತ್ರ ಬೇರೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರಕ್ಕೆ ಬಿದ್ದರು. ಮಂಗ ಸಾಯುತ್ತಿವೆ ಎಂದ ಕೂಡಲೇ ಆಫ್ರಿಕಾದ ಹಳದಿ ಜ್ವರ ಭಾರತಕ್ಕೆ ಬಂತೇ ಎಂಬ ದಿಗಿಲು ಹುಟ್ಟಿತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಇದು ಹೊಸ ವೈರಸ್, ಉಣ್ಣಿಯಿಂದ ಹರಡುತ್ತದೆ, ರಷ್ಯಾದ ಕಾಡುಗಳಲ್ಲಿ ಉಣ್ಣಿ ಹರಡುವ ಮಿದುಳು ಜ್ವರದ ನಂಟಿನದು ಎಂದು ಗುರುತಿಸಿದರು. ಆ ನಂಟನ್ನು ನಂಬಿ ರಷ್ಯಾದ ರೋಗದ ಲಸಿಕೆಯನ್ನೇ ಇಲ್ಲಿ ಹಾಕಿ ನೋಡಿದರು, ಫಲ ಕೊಡಲಿಲ್ಲ. 1960ರ ದಶಕದಲ್ಲಿ ಇದೇ ವೈರಸ್ಸನ್ನು ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ನಮ್ಮದೇ ಲಸಿಕೆ ತಯಾರಾಯಿತು.

ಮಂಗನ ಕಾಯಿಲೆ ಮಂಗನಿಂದ ಮನುಷ್ಯನಿಗೆ ನೇರ ಬರುವುದಿಲ್ಲ. ವೈರಸ್ ಹೊತ್ತ ಉಣ್ಣಿಯ ಮರಿ ಕಚ್ಚಬೇಕು. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣಿಗಳು ಕೆಳಗಿಳಿದು ಆ ಜಾಗವನ್ನೇ ಅಪಾಯದ ತಾಣವಾಗಿಸುತ್ತವೆ. ನಮ್ಮ ವಿಷಯಕ್ಕೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಬೇರೊಂದಿದೆ: ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ. ವೈರಸ್ಸಿನ ಪಾಲಿಗೆ ಮನುಷ್ಯ ದಾರಿಯ ಕೊನೆ.

ಅಂದ ಮೇಲೆ ನೂರಕ್ಕೆ 80ರ ಸೂತ್ರ ಇಲ್ಲಿ ನಡೆಯುವುದಿಲ್ಲ. ಪಕ್ಕದ ಮನೆಯವರೆಲ್ಲ ಲಸಿಕೆ ಹಾಕಿಸಿಕೊಂಡರೂ ನನಗೆ ಅದರಿಂದ ಕಿಂಚಿತ್ತೂ ರಕ್ಷಣೆಯಿಲ್ಲ. ದರಗು ಗುಡಿಸಲು ನಾನು ಕಾಡಿಗೆ ಹೋದರೆ ಉಣ್ಣಿ ನನ್ನನ್ನು ಕಚ್ಚುತ್ತದೆ. ಸಿಡುಬಿನ ಬೇಲಿಯ ಹೊರಗೆ ಉಳಿದವರನ್ನು ಬೇಲಿ ಕಾಯಿತು. ಮಂಗನ ಕಾಯಿಲೆಯ ವೃತ್ತದ ಹೊರಗೆ ಉಳಿದವರು ಬರೀ ಹೊರಗೆ ಉಳಿದವರು. ಹಾಗಾಗಿ ಇಲ್ಲಿ ಗೆರೆ ಎಳೆಯುವವರ ಹೊಣೆ ದೊಡ್ಡದು.

ಆ ಗೆರೆಯನ್ನು ಸ್ವಲ್ಪ ದೊಡ್ಡದು ಮಾಡಬಾರದೇ? ಶಾಲೆಯ ಲೆಕ್ಕವೇ ಸಾಕು. ಐದು ಕಿಲೋಮೀಟರ್ ತ್ರಿಜ್ಯದ ವೃತ್ತದೊಳಗೆ ಸುಮಾರು 78 ಚದರ ಕಿಲೋಮೀಟರ್ ನೆಲವಿದೆ. ಹತ್ತಕ್ಕೆ ಏರಿಸಿದರೆ ಅದು 314 ಆಗುತ್ತದೆ. ದೂರ ಎರಡು ಪಟ್ಟು, ನೆಲ ನಾಲ್ಕು ಪಟ್ಟು, ಜನವಸತಿ ಒಂದೇ ಸಮನಾಗಿದ್ದರೆ ಬೇಕಾಗುವ ಲಸಿಕೆಯೂ ನಾಲ್ಕು ಪಟ್ಟು. ಅಷ್ಟು ಲಸಿಕೆ, ಅಷ್ಟು ಸಿಬ್ಬಂದಿ ಎಂದೂ ಇರಲಿಲ್ಲ.

ಅದರ ಮೇಲೆ ಈ ಲಸಿಕೆ ಒಂದು ಚುಚ್ಚಿಗೆ ಮುಗಿಯುವಂಥದ್ದಲ್ಲ. ತಿಂಗಳ ಅಂತರದಲ್ಲಿ ಎರಡು ಡೋಸ್, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಚುಚ್ಚಿದ ಜಾಗ ನೋಯುತ್ತಿತ್ತು. ಮೊದಲನೆಯದನ್ನು ಹಾಕಿಸಿಕೊಂಡವರು ಎರಡನೆಯದಕ್ಕೆ ಬಾರದೆ ಇರುತ್ತಿದ್ದರು. 1990ರ ದಶಕದ ಆರಂಭದಲ್ಲಿ ರಾಜ್ಯದ ಮೂರು ಜಿಲ್ಲೆಗಳಲ್ಲಿ ನಡೆದ ಪ್ರಯೋಗದಲ್ಲಿ ಎರಡು ಡೋಸಿನಿಂದ ಶೇ. 94ರ ಹತ್ತಿರದ ರಕ್ಷಣೆ ಕಂಡಿತ್ತು. 2005ರಿಂದ 2010ರವರೆಗಿನ ಅಂಕಿಗಳನ್ನು ನೋಡಿದ ಮತ್ತೊಂದು ಅಧ್ಯಯನ 2013ರಲ್ಲಿ ಬಂದಾಗ ಎರಡು ಡೋಸಿನ ರಕ್ಷಣೆ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9 ಎಂದಾಯಿತು.

ಈ ಅಂಕಿಗಳನ್ನಿಟ್ಟುಕೊಂಡು ಒಂದು ಊಹೆಯ ಲೆಕ್ಕ ಮಾಡಿ ನೋಡೋಣ. ತಾಲ್ಲೂಕಿನ ಆರೋಗ್ಯಾಧಿಕಾರಿಯ ಬಳಿ 2,000 ಡೋಸ್ ಇದೆ. ಸಾವಿರ ಜನರಿಗೆ ಎರಡೆರಡು ಹಾಕಿದರೆ ಸರಾಸರಿ 624 ಜನರಿಗೆ ರಕ್ಷಣೆ. ಬೂಸ್ಟರ್ ಸೇರಿಸಿ ಮೂರು ಮೂರು ಹಾಕಲು ಹೊರಟರೆ 666 ಜನರಿಗೆ ಮಾತ್ರ ಸಾಕಾಗುತ್ತದೆ, ಅವರಲ್ಲಿ ರಕ್ಷಣೆ ಸಿಗುವುದು 552 ಜನರಿಗೆ. ಮಿತವ್ಯಯದ ಲೆಕ್ಕ ಮೊದಲನೆಯದನ್ನೇ ಆರಿಸುತ್ತದೆ. ಆದರೆ ದಿನಾ ಕಾಡಿಗೆ ಹೋಗಲೇಬೇಕಾದ 666 ಜನ ಯಾರು, ಆಗೊಮ್ಮೆ ಈಗೊಮ್ಮೆ ಹೋಗುವ ಉಳಿದವರು ಯಾರು ಎಂದು ಗೊತ್ತಿದ್ದರೆ ಉತ್ತರ ತಿರುವುಮುರುವಾಗಬಹುದು. ಅಪಾಯ ಎಲ್ಲರ ಮೇಲೂ ಒಂದೇ ಸಮ ಹರಡಿದೆ ಎಂದು ಲೆಕ್ಕ ನಂಬಿಕೊಂಡಿದೆ. ಊರಿನವರು ನಂಬುವುದಿಲ್ಲ.

ವೃತ್ತದ ಕಥೆಯೂ ಹೀಗೆಯೇ. ಬಯಲುಸೀಮೆಯ ಕಾಗದದ ಮೇಲೆ ಐದು ಕಿಲೋಮೀಟರ್ ಐದು ಕಿಲೋಮೀಟರೇ. ಕಳಸದ ಕಡೆ ಹಾಗಲ್ಲ. ನಡುವೆ ಭದ್ರಾ ಇದೆ, ಗುಡ್ಡವಿದೆ. ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮಳೆಗಾಲದಲ್ಲಿ ಮುಳುಗಿದಾಗಲೆಲ್ಲ ಎದುರು ದಡದ ಊರು ಎಷ್ಟು ದೂರವಾಗುತ್ತಿತ್ತು ಎಂಬುದು ಅಲ್ಲಿಯವರಿಗೆ ಗೊತ್ತು. ಲಸಿಕೆ ಹಾಕಬೇಕಾದದ್ದೋ ರೋಗದ ಕಾಲ ಬರುವ ಮುಂಚೆ, ಅಂದರೆ ಮಳೆಯ ಕೊನೆಯ ತಿಂಗಳುಗಳಲ್ಲಿ. ಇತ್ತ ರೋಗವೂ ಗೆರೆಯನ್ನು ಗೌರವಿಸಿಲ್ಲ. 1982–83ರಲ್ಲಿ ಅದು ಸೊರಬದಿಂದ ನೇರ ರೇಖೆಯಲ್ಲಿ ಸುಮಾರು 150 ಕಿಲೋಮೀಟರ್ ದಕ್ಷಿಣಕ್ಕೆ, ಚಾರ್ಮಾಡಿ ಘಾಟಿಯ ಬುಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಎದ್ದಿತು. ಗೇರು ತೋಟಕ್ಕೆಂದು ಕಾಡು ಕಡಿದ ಜಾಗದ ಆಸುಪಾಸಿನಲ್ಲಿ 1,500ಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂತು, ಸುಮಾರು 150 ಮಂದಿ ಸತ್ತರು. ಹಿಂದಿನ ವರ್ಷ ಎಲ್ಲಿ ಮಂಗ ಸತ್ತಿತೋ ಅಲ್ಲಿಗೆ ಈ ವರ್ಷ ಹೊರಡುವ ಲೆಕ್ಕ, ಹೊಸ ಜಾಗದಲ್ಲಿ ಎದ್ದ ರೋಗದ ಹಿಂದೆ ಓಡುತ್ತದೆಯೇ ಹೊರತು ಅದರ ಮುಂದೆ ನಿಲ್ಲುವುದಿಲ್ಲ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿಯೂ ಜನ ಇದನ್ನೇ ಕಂಡರು. ರೋಗ ಬಂದ ಮೇಲೆ ಹಾಕಿದ ಮೊದಲ ಡೋಸಿಗೂ ರಕ್ಷಣೆ ಕೊಡಬೇಕಾದ ಎರಡನೆಯದಕ್ಕೂ ನಡುವೆ ಒಂದು ತಿಂಗಳಿದೆ. ಉಣ್ಣಿ ಅಷ್ಟು ಕಾಯುವುದಿಲ್ಲ.

ಗೆರೆಯಿಂದ ಜಾರುವವರಲ್ಲಿ ಇನ್ನೊಂದು ಗುಂಪಿದೆ. ಕಾಫಿ ಕುಯ್ಲು ನವೆಂಬರ್ ಹೊತ್ತಿಗೆ ಶುರುವಾಗಿ, ರೊಬಸ್ಟಾ ಮುಗಿಯುವಾಗ ಮಾರ್ಚ್ ಆಗುತ್ತದೆ. ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮೇವರೆಗೆ. ಬಯಲುಸೀಮೆಯಿಂದ, ಉತ್ತರ ಕರ್ನಾಟಕದಿಂದ, ಈಚೆಗೆ ಅಸ್ಸಾಮಿನಿಂದಲೂ ಬಂದು ಲೈನ್ ಮನೆಗಳಲ್ಲಿ ಇಳಿಯುವವರು ಬರುವುದೇ ಕುಯ್ಲಿಗೆ. ಮಳೆಗಾಲದ ಕೊನೆಗೆ ಹಳ್ಳಿಯ ಪಟ್ಟಿ ಹಿಡಿದು ಬರುವ ಲಸಿಕೆಯವರಿಗೆ ಅವರು ಸಿಗುವುದಿಲ್ಲ, ಏಕೆಂದರೆ ಅವರು ಆಗ ಇನ್ನೆಲ್ಲೋ ಇರುತ್ತಾರೆ. ಕಾಡಿನ ಅಂಚಿನಲ್ಲಿ ಸೌದೆ ಆರಿಸುವವರು ಅವರೇ. ಮೈಗೆ ಹತ್ತಿದ ಉಣ್ಣಿ ಎಂಥದ್ದು ಎಂದು ತಿಳಿಯದವರೂ ಅವರೇ. ವಯಸ್ಸಿನ ಮಿತಿಯೂ ಹೀಗೊಂದು ಗೆರೆ: ತೀರ ಚಿಕ್ಕ ಮಕ್ಕಳಿಗೂ 65 ದಾಟಿದವರಿಗೂ ಲಸಿಕೆ ಇರಲಿಲ್ಲ. ಮಲೆನಾಡಿನಲ್ಲಿ ಎಪ್ಪತ್ತರ ಅಜ್ಜ ದನ ಹೊಡೆದುಕೊಂಡು ಹಾಡಿಗೆ ಹೋಗುವುದನ್ನು ಆ ಪಟ್ಟಿ ಕಂಡಿರಲಿಲ್ಲ.

ಹಾಗಾದರೆ ಗಣಿತವನ್ನೇ ಬಿಟ್ಟುಬಿಡಬೇಕೇ? ನನಗೆ ಹಾಗೆ ಅನ್ನಿಸುವುದಿಲ್ಲ. ಲಸಿಕೆ ಕಡಿಮೆ ಇರುವವರೆಗೆ ಯಾರೋ ಒಬ್ಬರು ಹಂಚಲೇಬೇಕು. ಲೆಕ್ಕವಿಲ್ಲದೆ ಹಂಚಿದರೆ ಅದು ಶಿಫಾರಸು ಇದ್ದವರ ಪಾಲಾಗುತ್ತದೆ. ಬೇಕಿರುವುದು ಊರಿನ ತಿಳಿವಳಿಕೆ ಒಳಗೆ ಬರಲು ಬಾಗಿಲಿರುವ ಲೆಕ್ಕ. ಅಂಥದ್ದೊಂದು ಪ್ರಯತ್ನ ಇದೇ ಮಲೆನಾಡಿನಲ್ಲಿ ನಡೆದಿದೆ.

ಬ್ರಿಟನ್ನಿನ ಪರಿಸರ ವಿಜ್ಞಾನಿ ಬೆಥನ್ ಪರ್ಸ್ ಮತ್ತು ಭಾರತದ ಸಂಶೋಧಕರ ತಂಡವೊಂದು 2020ರಲ್ಲಿ ಶಿವಮೊಗ್ಗ ಜಿಲ್ಲೆಯ ಅಪಾಯದ ನಕ್ಷೆಯನ್ನು ಪ್ರಕಟಿಸಿತು. ಸತ್ತ ಮಂಗನ ಸುತ್ತ ವೃತ್ತ ಎಳೆಯುವ ಬದಲು ನೆಲದ ಗುಣವನ್ನೇ ಕೇಳುವ ಮಾದರಿ ಇದು. ನಿತ್ಯಹರಿದ್ವರ್ಣದ ಕಾಡು ಮತ್ತು ತೋಟ ಒಂದರೊಳಗೊಂದು ಹೆಣೆದುಕೊಂಡಿರುವ ಕಡೆ, ನಾಟಿ ದನಗಳು ಹೆಚ್ಚಿರುವ ಕಡೆ ಅಪಾಯ ಜಾಸ್ತಿ ಎಂದು ಅದು ತೋರಿಸಿತು. 2014ರಿಂದ 2018ರವರೆಗಿನ ಅಂಕಿಗಳಿಂದ ಕಟ್ಟಿದ ಆ ಮಾದರಿ 2019ರಲ್ಲಿ ರೋಗ ಹೊಸದಾಗಿ ಎದ್ದ ಜಾಗಗಳನ್ನು ಮೊದಲೇ ಗುರುತಿಸುವಂತಿತ್ತು. ಕಾಡು ಮತ್ತು ತೋಟ ಹೆಣೆದುಕೊಂಡ ನೆಲ ಎಂದರೆ ಚಿಕ್ಕಮಗಳೂರಿನ ಕಾಫಿ ಸೀಮೆಯವರು ತಮ್ಮ ಹಿತ್ತಿಲನ್ನೇ ನೆನೆಯಬೇಕು. ಈ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ, ಶೃಂಗೇರಿ ತಾಲ್ಲೂಕುಗಳಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿರುವುದು ಈ ನಕ್ಷೆಯ ಬೆಳಕಿನಲ್ಲಿ ಆಶ್ಚರ್ಯದ ಸಂಗತಿಯಲ್ಲ.

ಆ ಅಧ್ಯಯನದಲ್ಲಿ ನನಗೆ ಮುಖ್ಯವೆನಿಸಿದ್ದು ಸಮೀಕರಣಕ್ಕಿಂತ ಅದಕ್ಕೆ ಹಾಕಿದ ಅಂಕಿ. ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಗಳವರನ್ನು ಮೊದಲಿನಿಂದಲೇ ಜೊತೆಗಿಟ್ಟುಕೊಂಡು ಮಾಡಿದ ಕೆಲಸವದು. ರೋಗಿಯ ಮನೆಯ ವಿಳಾಸದ ಬದಲು ಅವರಿಗೆ ಉಣ್ಣಿ ತಗುಲಿರಬಹುದಾದ ಜಾಗ ಯಾವುದು ಎಂಬ ಮಾಹಿತಿ ಹೀಗೆ ಸಿಕ್ಕಿತು. ಮನೆ ಒಂದು ಕಡೆ, ಸೊಪ್ಪಿನ ಬೆಟ್ಟ ಇನ್ನೊಂದು ಕಡೆ. ನಕ್ಷೆಯ ಮೇಲಿನ ಚುಕ್ಕೆ ಮನೆಯಿಂದ ಬೆಟ್ಟಕ್ಕೆ ಸರಿದದ್ದು ಸಣ್ಣ ತಿದ್ದುಪಡಿಯಂತೆ ಕಾಣುತ್ತದೆ. ಆದರೆ ಯಾರ ಕೆಲಸ ಯಾರನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದು ಆಗ ಮೊದಲ ಸಲ ಲೆಕ್ಕಕ್ಕೆ ಸೇರುತ್ತದೆ.

ಕೋವಿಡ್ ವರ್ಷದಲ್ಲಿ ಗುಡ್ಡಗಾಡಿಗೆ ಬಂದ ಲೆಕ್ಕವೂ ಇದೇ ಪಾಠ ಹೇಳಿತು. 2021ರ ಜೂನ್ 21ರಿಂದ ಕೇಂದ್ರ ಸರ್ಕಾರ ರಾಜ್ಯಗಳಿಗೆ ಲಸಿಕೆ ಹಂಚಿದ್ದು ಜನಸಂಖ್ಯೆ, ರೋಗದ ಹೊರೆ, ಲಸಿಕೆ ಹಾಕಿದ ವೇಗ ಇವುಗಳ ಮೇಲೆ. ಲಸಿಕೆ ವ್ಯರ್ಥ ಮಾಡಿದರೆ ಪಾಲು ಕಡಿಮೆಯಾಗುತ್ತಿತ್ತು. ನೋಡಲು ನ್ಯಾಯವಾದ ಸೂತ್ರ. ಆದರೆ ಕೋವಿಶೀಲ್ಡಿನ ಒಂದು ಸೀಸೆಯಲ್ಲಿ ಹತ್ತು ಡೋಸ್, ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಪೇಟೆಯಲ್ಲಿ ಹನ್ನೊಂದನೆಯವರು ಬಾಗಿಲಲ್ಲೇ ನಿಂತಿರುತ್ತಾರೆ. ಗುಡ್ಡದ ಮೇಲೆ ಆರೇ ಜನ ಸಿಕ್ಕರೆ ನಾಲ್ಕು ಡೋಸ್ ಚೆಲ್ಲಬೇಕು, ಇಲ್ಲವೇ ಆ ಆರು ಜನರನ್ನು ಬಿಟ್ಟು ಬರಬೇಕು. ವ್ಯರ್ಥಕ್ಕೆ ದಂಡ ಹಾಕುವ ಸೂತ್ರ ಅರಿವಿಲ್ಲದೆಯೇ ಪೇಟೆಯ ಪಕ್ಷ ವಹಿಸುತ್ತದೆ.

ಮಂಗನ ಕಾಯಿಲೆಯ ಹಳೆಯ ಲಸಿಕೆ ಈಗಿಲ್ಲ. ಅದರ ಶಕ್ತಿ ಪರೀಕ್ಷೆಯಲ್ಲಿ ಸಾಲದೆಂದು ಕಂಡು 2022ರಲ್ಲಿ ಕೊಡುವುದನ್ನೇ ನಿಲ್ಲಿಸಲಾಯಿತು. ಈಗ ಕಾಡಿಗೆ ಹೋಗುವವರ ಕೈಯಲ್ಲಿರುವುದು ಉಣ್ಣಿ ಹತ್ತದಂತೆ ಹಚ್ಚಿಕೊಳ್ಳುವ ಡೇಪಾ ತೈಲದ ಬಾಟಲಿ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಸೇರಿ ಹೊಸ ಲಸಿಕೆ ರೂಪಿಸುತ್ತಿವೆ. ಅದು 2025ರಲ್ಲಿ ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗದವರೆಗೆ ಬಂದಿದೆ.

ಆ ಲಸಿಕೆ ಬಂದ ದಿನವೂ ಎಲ್ಲರಿಗೆ ಸಾಕಾಗುವಷ್ಟು ಇರಲಾರದು. ಮತ್ತೆ ಯಾರೋ ನಕ್ಷೆ ಬಿಡಿಸಿ ಕೂರುತ್ತಾರೆ. ಹಳೆಯ ಕೈವಾರ ಹಿಡಿಯುವ ಮೊದಲು ಅವರು ಕೆಲವು ಪ್ರಶ್ನೆ ಕೇಳಬಹುದು. ಈ ಊರಿನವರು ದರಗಿಗೆ ಯಾವ ಬೆಟ್ಟಕ್ಕೆ ಹೋಗುತ್ತಾರೆ? ಕುಯ್ಲಿನ ಜನ ಯಾವ ವಾರ ಬಂದಿಳಿಯುತ್ತಾರೆ, ಅವರಿಗೆ ಅವರ ಊರಿನಲ್ಲೇ ಮೊದಲ ಡೋಸ್ ಹಾಕಿ ಕಳಿಸಲು ಆಗುತ್ತದೆಯೇ? ಹೊಳೆಯ ಆಚೆಯವರಿಗೆ ಮಳೆ ನಿಲ್ಲುವ ಮೊದಲು ತಲುಪುವುದು ಹೇಗೆ? ಎಪ್ಪತ್ತರ ಅಜ್ಜ ಈಗಲೂ ದನ ಹೊಡೆದುಕೊಂಡು ಹೋಗುತ್ತಾರೆಯೇ?

ಇವುಗಳಿಗೆ ಉತ್ತರ ಯಾವ ಕಂಪ್ಯೂಟರಿನಲ್ಲೂ ಸಿದ್ಧವಾಗಿಲ್ಲ. ಆಶಾ ಕಾರ್ಯಕರ್ತೆಯ ನೋಟ್‌ಬುಕ್ಕಿನಲ್ಲಿ, ಲೈನ್ ಮನೆಯ ಮೇಸ್ತ್ರಿಯ ಬಾಯಲ್ಲಿ, ಸತ್ತ ಮಂಗನನ್ನು ಮೊದಲು ಕಂಡು ಫೋನು ಮಾಡಿದವರ ನೆನಪಿನಲ್ಲಿ ಇವೆ. ಅಲ್ಲಿಂದ ಅವನ್ನು ತಂದು ಅಂಕಿಯಾಗಿಸಿದರೆ ಬರ್ನೌಲಿಯ ಲೆಕ್ಕ ಮತ್ತು ದ'ಅಲಂಬೇರ್‌ನ ತಕರಾರು ಒಂದೇ ಹಾಳೆಯ ಮೇಲೆ ಕೂರುತ್ತವೆ.